ಕಲ್ಲಿನ ಗುಡಿ, ಮಣ್ಣಿನ ಮನೆ

ಬೀಳಗಿ ತಾಲ್ಲೂಕಿನ ಓದುಗರೊಬ್ಬರು ಬರೆಯುತ್ತಾರೆ: “ಆಲಮಟ್ಟಿ ಹಿನ್ನೀರಿನಿಂದ ಕೂಡಲಸಂಗಮದ ಐಕ್ಯಲಿಂಗವನ್ನು ಉಳಿಸಿಕೊಂಡ ಬಗೆಗೆ ಕಳೆದ ಸಂಚಿಕೆಯಲ್ಲಿ ಮೂರು ಪುಟ ಕೊಟ್ಟಿದ್ದೀರಿ. ಮುಳುಗಿದ ನಮ್ಮೂರಿಗೆ ಮೂರು ಸಾಲೂ ಇಲ್ಲ. ಅದು ಪರಂಪರೆಯಲ್ಲವೇ?”

ಮಾನ್ಯರೇ, ನೀವು ದೊಡ್ಡ ಮನಸ್ಸಿನಿಂದ ಬಿಟ್ಟುಬಿಟ್ಟ ನಮ್ಮ ತಪ್ಪನ್ನು ಮೊದಲು ನಾನೇ ಹೇಳುತ್ತೇನೆ. ಕೂಡಲಸಂಗಮ ಇರುವುದು ಆಲಮಟ್ಟಿಯ ಕೆಳಗೆ. ಮಲಪ್ರಭೆ ಕೃಷ್ಣೆಯನ್ನು ಸೇರುವ ಆ ಜಾಗಕ್ಕೆ ಏರಿ ಬಂದದ್ದು ನಾರಾಯಣಪುರದ ಬಸವಸಾಗರದ ಹಿನ್ನೀರು. ಆಲಮಟ್ಟಿಯ ನೀರು ಕೃಷ್ಣೆ, ಘಟಪ್ರಭೆಗಳ ದಂಡೆ ಹಿಡಿದು ನಿಮ್ಮ ಸೀಮೆಗೆ ನುಗ್ಗಿತು. ಹಳೇ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ನುಂಗಿ ನವನಗರವನ್ನು ಹುಟ್ಟಿಸಿದ್ದೂ ಅದೇ. ನಕಾಶೆ ಬಿಡಿಸಿ ನೋಡದ ಸೋಮಾರಿತನ ನಮ್ಮದು.

ಇನ್ನು ನಿಮ್ಮ ಪ್ರಶ್ನೆ. ಐಕ್ಯಲಿಂಗದ ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿದರು. ಈಗ ಸೇತುವೆಯ ಮೇಲೆ ನಡೆದು, ಮೆಟ್ಟಿಲಿಳಿದು ದರ್ಶನ ಪಡೆಯುತ್ತೇವೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ಅಂಥ ಗೋಡೆಯೂ ಇಲ್ಲ. ಆದರೂ ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲನ ಗುಡಿ ಮೈದೋರುತ್ತದೆ, ಜನ ಕೆಸರು ತುಳಿದು ಹೋಗಿ ಕೈ ಮುಗಿಯುತ್ತಾರೆ. ಕಲ್ಲಿಗೆ ಆ ಭಾಗ್ಯವಿದೆ. ನಿಮ್ಮೂರಿನ ಮೇಲ್ಮುದ್ದೆಯ, ಅಂದರೆ ಮಣ್ಣಿನ ಮಾಳಿಗೆಯ, ಮನೆ ಒಂದೇ ಮಳೆಗಾಲದಲ್ಲಿ ಕರಗಿ ಎರೆಮಣ್ಣಿಗೆ ಸೇರಿಬಿಡುತ್ತದೆ. ತೊಲೆ, ಜಂತಿ, ಬಾಗಿಲ ಚೌಕಟ್ಟುಗಳನ್ನು ಮುಳುಗಡೆಯ ಜನರೇ ಕಿತ್ತುಕೊಂಡು ಪುನರ್ವಸತಿ ಕೇಂದ್ರಕ್ಕೆ ಒಯ್ದಿರುತ್ತಾರೆ. ನೀರು ಇಳಿದರೂ ಕಾಣಲು ಏನೂ ಉಳಿಯುವುದಿಲ್ಲ. ಕಾಣದ್ದನ್ನು ನಾವು ಪರಂಪರೆಯ ಲೆಕ್ಕಕ್ಕೆ ಹಿಡಿಯಲಿಲ್ಲ. ಫೋಟೊ ಸಿಗುವ ಕಡೆಗೇ ಕ್ಯಾಮೆರಾ ಹೊತ್ತು ಹೋದವರು ನಾವು.

ಅಣೆಕಟ್ಟೆಯೇ ಬೇಡವಾಗಿತ್ತು ಎಂದು ನಾನು ಹೇಳಲಾರೆ. ಕಾಲುವೆ ನೀರು ಕಂಡ ವಿಜಯಪುರದ ರೈತನ ಮುಂದೆ ಆ ಮಾತು ಆಡುವ ಧೈರ್ಯ ನನಗಿಲ್ಲ. ಆದರೆ ಈಗ 519.60 ಮೀಟರಿಗೆ ನಿಲ್ಲುವ ಆಲಮಟ್ಟಿಯ ನೀರನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಏರಿದರೆ ಇನ್ನಷ್ಟು ಊರುಗಳು ಹೋಗುತ್ತವೆ. ಪರಿಹಾರದ ಪಂಚನಾಮೆಯಲ್ಲಿ ಎಕರೆ, ಗುಂಟೆ, ಬಾವಿ, ಮರ ಎಲ್ಲವೂ ಬರುತ್ತವೆ. ಅಗಸಿಯ, ಅಂದರೆ ಊರ ಹೆಬ್ಬಾಗಿಲಿನ, ಕಟ್ಟೆಯ ಮೇಲೆ ಯಾರು ಕೂಡುತ್ತಿದ್ದರು ಎಂಬುದು ಬರುವುದಿಲ್ಲ.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮೂರಿನ ಹೊಲಗಳ ಹೆಸರುಗಳನ್ನು, ಪಹಣಿಯ ಸರ್ವೆ ನಂಬರಲ್ಲ, ಮನೆಮಂದಿ ಕರೆಯುತ್ತಿದ್ದ ಹೆಸರುಗಳನ್ನು ಬರೆದು ಕಳುಹಿಸಿ. ಕಾಳು ತುಂಬಿಡುವ ನೆಲದ ಹಗೇವು ಎಲ್ಲಿದ್ದವು, ಅಗಸಿ ಯಾವ ದಿಕ್ಕಿಗಿತ್ತು, ಹೊಳೆಗೆ ಇಳಿಯುವ ದಾರಿ ಯಾವುದು ಎಂಬುದೂ ಇರಲಿ. ಮುಂದಿನ ಸಂಚಿಕೆಯಲ್ಲಿ ಮೂರು ಪುಟ ಖಾಲಿ ಬಿಟ್ಟಿರುತ್ತೇನೆ.

– ಸಂಪಾದಕ