ಯಂತ್ರ ಪ್ರಶ್ನೋತ್ತರ: ಸೀಲ್ ಹೊಸದು, ಎಣ್ಣೆ ಮಾತ್ರ ನಿಲ್ಲುತ್ತಿಲ್ಲ

ಪ್ರಶ್ನೆ: ಸರ್, ನಮಸ್ಕಾರ. ನಮ್ಮ ಟಿಪ್ಪಿಂಗ್ ಟ್ರ್ಯಾಲಿ ಜ್ಯಾಕಿಗೆ ಮೂರು ವಾರದಾಗ ಎರಡು ಸಲ ಸೀಲ್ ಕಿಟ್ ಹಾಕಿಸೇವಿ. ನಾಕು ದಿನ ಛಲೋ ಇರತೈತಿ, ಆಮ್ಯಾಲೆ ರಾಡ್ ಗುಂಟ ಎಣ್ಣಿ ಇಳಿಯಾಕ ಹತ್ತತೈತಿ. ಕಿಟ್ ಡೂಪ್ಲಿಕೇಟ್ ಇರಬಹುದೇನ್ರಿ?
– ರೈತರೊಬ್ಬರು, ಜಮಖಂಡಿ ತಾಲ್ಲೂಕು

ಉತ್ತರ: ಕಿಟ್ ಮೇಲೆ ಅನುಮಾನಪಡುವ ಮೊದಲು, ಬಿಚ್ಚಿ ತೆಗೆದ ಹಳೆಯ ಸೀಲ್ ಎಲ್ಲಿದೆ ಹುಡುಕಿ. ಅದನ್ನು ಕಿತ್ತ ಕೂಡಲೇ ಕಸಕ್ಕೆ ಎಸೆಯುವುದೇ ಹೆಚ್ಚು, ಆದರೆ ರೋಗದ ಗುರುತೆಲ್ಲ ಇರುವುದು ಅದರ ಮೇಲೆಯೇ. ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು, ಬೆರಳಲ್ಲಿ ಸುತ್ತ ತಿರುಗಿಸುತ್ತ ನೋಡಿ. ತುಟಿಯ, ಅಂದರೆ ರಾಡಿಗೆ ತಾಗುವ ಅಂಚಿನ, ಮೇಲೆ ಅಡ್ಡ ಗೀರುಗಳಿದ್ದರೆ ರಾಡ್ ಗೀಚಿದೆ, ಇಲ್ಲವೇ ಮಣ್ಣು ಒಳಗೆ ಹೋಗಿದೆ. ಒಂದೇ ಬದಿ ಸವೆದಿದ್ದರೆ ರಾಡನ್ನು ನೇರ ಹಿಡಿಯುವ ಗೈಡ್ ರಿಂಗ್ ತೀರಿ ರಾಡ್ ಆ ಕಡೆ ವಾಲುತ್ತಿದೆ, ಅಥವಾ ರಾಡೇ ಬಾಗಿದೆ. ಹಿಂಬದಿಯ ಅಂಚು ಇಲಿ ಕಡಿದ ಹಾಗೆ ಚೂರುಚೂರು ಕಿತ್ತಿದ್ದರೆ, ಒತ್ತಡಕ್ಕೆ ಸೀಲ್ ಹಿಂದಿನ ಸಂದಿಗೆ ನುಗ್ಗಿ ತುಂಡಾಗಿದೆ ಎಂದರ್ಥ. ಬಗ್ಗಿಸಿದರೆ ಬಿರುಕು ಬಿಡುವಷ್ಟು ಪೆಡಸಾಗಿದ್ದರೆ ಎಣ್ಣೆ ಮಿತಿಮೀರಿ ಕಾದಿದೆ. ಊದಿ ಮೆತ್ತಗಾಗಿದ್ದರೆ ಆ ರಬ್ಬರಿಗೂ ಎಣ್ಣೆಗೂ ಹೊಂದಿಕೆಯಿಲ್ಲ.

ನಾಲ್ಕೇ ದಿನಕ್ಕೆ ಸೋರುವ ಜ್ಯಾಕಿನಲ್ಲಿ ಮೊದಲು ನೋಡಬೇಕಾದದ್ದು ರಾಡ್. ಉಗುರನ್ನು ಅದರ ಉದ್ದಕ್ಕೂ, ಸುತ್ತಲೂ ನಿಧಾನ ಎಳೆಯಿರಿ. ಉಗುರು ಸಿಕ್ಕುವ ಪ್ರತಿಯೊಂದು ಜಾಗವೂ ಸೀಲಿನ ತುಟಿಗೆ ಗರಗಸವಿದ್ದಂತೆ. ಹಾರ್ಡ್ ಕ್ರೋಮ್ ಪದರ ಸಾಮಾನ್ಯವಾಗಿ 20ರಿಂದ 25 ಮೈಕ್ರಾನ್ ಅಷ್ಟೇ. ಟ್ರ್ಯಾಲಿಯ ತಳಕ್ಕೆ ವೆಲ್ಡಿಂಗ್ ಮಾಡುವಾಗ ರಾಡ್ ಮೇಲೆ ಸಿಡಿದ ಕಿಡಿಯೊಂದು ಅದನ್ನು ಹಾಳುಮಾಡಲು ಸಾಕು. ಇನ್ನು ಮುಂದೆ ವೆಲ್ಡಿಂಗ್ ಇದ್ದಾಗ ರಾಡಿಗೆ ಒದ್ದೆ ಗೋಣಿಚೀಲ ಸುತ್ತಿಸಿ. ಚಿಕ್ಕ ಗೀರಿನ ಉಬ್ಬಿದ ಅಂಚನ್ನು ನುಣುಪಾದ ಎಣ್ಣೆಗಲ್ಲಿನಿಂದ ರಾಡಿನ ಸುತ್ತ ಉಜ್ಜಿ ಇಳಿಸಬಹುದು. ಉದ್ದಕ್ಕೆ ಎಮರಿ ಪೇಪರ್ ಎಳೆಯಬೇಡಿ; ಆ ಪ್ರತಿ ಗೆರೆಯೂ ಎಣ್ಣೆ ಹೊರಬರಲು ಕಾಲುವೆಯಾಗುತ್ತದೆ. ಕ್ರೋಮ್ ಎದ್ದಿದ್ದರೆ ಮತ್ತೆ ಕ್ರೋಮ್ ಮಾಡಿಸಿ ಗ್ರೈಂಡಿಂಗ್ ಮಾಡಿಸುವುದೊಂದೇ ದಾರಿ. ಅಲ್ಲಿಯವರೆಗೆ ಎಷ್ಟು ಕಿಟ್ ಹಾಕಿದರೂ ಆ ದುಡ್ಡು ಹೋದ ಹಾಗೆಯೇ. ಬಾಗಿದೆಯೋ ಎಂದು ನೋಡಲು ಎರಡು ವಿ-ಬ್ಲಾಕ್ ಮೇಲಿಟ್ಟು ಡಯಲ್ ಗೇಜ್ ಹಚ್ಚಿ ತಿರುಗಿಸಬೇಕು. ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆಯ ವರ್ಕ್‌ಶಾಪ್‌ಗಳಲ್ಲಿ ಇದು ಹತ್ತು ನಿಮಿಷದ ಕೆಲಸ.

ಇನ್ನು ಅಳತೆ. ಹಳೆಯ ಸೀಲನ್ನು ಅಳೆದು ಹೊಸದು ಕೇಳಬೇಡಿ. ಅದು ಊದಿರುತ್ತದೆ ಇಲ್ಲವೇ ಸವೆದಿರುತ್ತದೆ. ವರ್ನಿಯರ್ ಹಿಡಿದು ಲೋಹವನ್ನು ಅಳೆಯಿರಿ: ರಾಡಿನ ವ್ಯಾಸ, ಸೀಲ್ ಕೂರುವ ಗ್ರೂವಿನ ತಳದ ವ್ಯಾಸ, ಗ್ರೂವಿನ ಅಗಲ. ರಾಡ್ 50, ಗ್ರೂವ್ 60, ಅಗಲ 11 ಬಂದರೆ ಸಾಮಾನ್ಯವಾಗಿ ಬೇಕಾದದ್ದು 50 × 60 × 10 ಮಿ.ಮೀ. ಸೀಲ್. ಆ ಒಂದು ಮಿಲಿಮೀಟರ್ ಜಾಗ ಬೇಕೇ ಬೇಕು. ಟ್ರ್ಯಾಕ್ಟರ್ ಹೈಡ್ರಾಲಿಕ್ ಒತ್ತಡ ಸಾಮಾನ್ಯವಾಗಿ 150ರಿಂದ 200 ಬಾರ್ ಇರುವುದರಿಂದ ಮೆತ್ತನೆಯ ನೈಟ್ರೈಲ್ ರಬ್ಬರಿನ ಬದಲು ಪಿಯು, ಅಂದರೆ ಪಾಲಿಯುರೆಥೇನ್, ಯು-ಸೀಲ್ ಹಾಕಿಸಿ. ಮಣ್ಣು–ಮರಳಿನ ಉಜ್ಜಾಟವನ್ನೂ ಅದು ಚೆನ್ನಾಗಿ ತಡೆಯುತ್ತದೆ. ಗ್ಲ್ಯಾಂಡಿನ (ರಾಡ್ ಹೊರಬರುವ ಕಡೆಯ ಮುಚ್ಚಳದ) ಹೊರಗಿನ ಓ-ರಿಂಗಿಗೆ, ಅದು ಸಂದಿಗೆ ನುಗ್ಗದಂತೆ ತಡೆಯುವ ಬ್ಯಾಕಪ್ ರಿಂಗ್ ಇದೆಯೇ ನೋಡಿ. 70 ಶೋರ್ ಗಡಸಿನ ಓ-ರಿಂಗನ್ನು 100 ಬಾರ್ ದಾಟಿದಲ್ಲಿ ಬ್ಯಾಕಪ್ ಇಲ್ಲದೆ ಬಿಡಬಾರದು. ಬ್ಯಾಕಪ್ ಕೂರಬೇಕಾದದ್ದು ಒತ್ತಡ ಬರುವ ಬದಿಯ ಎದುರು ಬದಿಗೆ.

ಯು-ಸೀಲಿನ ಬಾಯಿ ಎಣ್ಣೆಯ ಕಡೆಗಿರಬೇಕು, ರಾಡಿನ ಮಣ್ಣು ಒರೆಸುವ ವೈಪರಿನ ತುಟಿ ಹೊರಗಡೆಗೆ. ಇವು ಉಲ್ಟಾ ಕೂತು ಬರುವ ಜ್ಯಾಕ್‌ಗಳು ಕಡಿಮೆಯೇನಿಲ್ಲ. ರಾಡ್ ತುದಿಯ ಆಟೆಗಳ (ಥ್ರೆಡ್‌ಗಳ) ಮೇಲೆ ಟೇಪ್ ಸುತ್ತಿ, ಎಣ್ಣೆ ಸವರಿ ತೂರಿಸಿ. ಸ್ಕ್ರೂಡ್ರೈವರ್ ಮುಟ್ಟಿಸಲೇಬೇಡಿ. ವೈಪರ್ ಮತ್ತು ಗೈಡ್ ರಿಂಗ್‌ಗಳನ್ನು ‘ಇನ್ನೂ ನಡೀತದ’ ಎಂದು ಹಳೆಯವನ್ನೇ ಬಿಟ್ಟರೆ ಹೊಸ ಸೀಲ್ ಬಾಳುವುದಿಲ್ಲ. ಕೆಲಸ ಮುಗಿದ ಮೇಲೆ ರಾಡ್ ತೆಳ್ಳಗೆ ಎಣ್ಣೆ ಸವರಿದಂತೆ ಕಂಡರೆ ಹೆದರಬೇಡಿ, ಅದು ಇರಬೇಕು. ಹನಿ ಕಟ್ಟಿದರೆ ಮಾತ್ರ ಸೋರಿಕೆ.

ಒಂದು ಮಾತನ್ನು ದಯವಿಟ್ಟು ಮರೆಯಬೇಡಿ. ಎತ್ತಿದ ಟ್ರ್ಯಾಲಿಯ ಕೆಳಗೆ ಕಬ್ಬಿಣದ ಆಧಾರ ಕೊಡದೆ ಯಾರೂ ಹೋಗಬಾರದು. ಸೋರುವ ಜಾಗವನ್ನು ಕೈಯಿಂದ ಮುಟ್ಟಿ ಹುಡುಕಬಾರದು, ರಟ್ಟು ಹಿಡಿದು ನೋಡಿ. ಒತ್ತಡದ ಎಣ್ಣೆಯ ಕೂದಲೆಳೆಯಂಥ ಧಾರೆ ಚರ್ಮದೊಳಗೆ ಹೊಕ್ಕರೆ ಗಾಯ ಚಿಕ್ಕದಾಗಿ ಕಾಣುತ್ತದೆ, ಕೈಯನ್ನೇ ಕಳೆಯುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಕನ್ವೇಯರ್ ಗೇರ್‌ಬಾಕ್ಸಿನ ಆಯಿಲ್ ಸೀಲ್ ಮೇಲೆ ‘ಟಿಸಿ 50 72 10’ ಎಂದಿತ್ತು. ಅದೇ ನಂಬರಿನದು ತಂದು ಹಾಕಿದರೂ ಎಣ್ಣೆ ಬರುತ್ತಿದೆ. ಶಾಫ್ಟನ್ನು ಲೇತಿನಲ್ಲಿ ನುಣ್ಣಗೆ ಮಾಡಿಸಿದ್ದೇವೆ.
– ವಿಜಯಪುರ

ಉತ್ತರ: ನಂಬರ್ ಸರಿಯಿದೆ: ಶಾಫ್ಟ್ 50, ಹೌಸಿಂಗ್ 72, ಅಗಲ 10 ಮಿ.ಮೀ. ‘ಟಿಸಿ’ ಎಂದರೆ ಸ್ಪ್ರಿಂಗ್ ಇರುವ ಮುಖ್ಯ ತುಟಿಯ ಜೊತೆ ದೂಳು ತಡೆಯುವ ಇನ್ನೊಂದು ತುಟಿ, ಹೊರಗೆ ರಬ್ಬರ್ ಹೊದಿಕೆ. ಸ್ಪ್ರಿಂಗ್ ಎಣ್ಣೆಯ ಕಡೆಗಿರಲಿ, ಎರಡು ತುಟಿಗಳ ನಡುವೆ ಸ್ವಲ್ಪ ಗ್ರೀಸ್ ತುಂಬಿ.

ತೊಂದರೆ ಲೇತಿನದೇ ಇರಬಹುದು. ಟರ್ನಿಂಗ್ ಮಾಡಿದ ಶಾಫ್ಟಿನ ಮೇಲೆ ಕಣ್ಣಿಗೆ ಕಾಣದ ಆಟೆಯಂಥ ಗೆರೆ ಉಳಿಯುತ್ತದೆ. ಶಾಫ್ಟ್ ಸುತ್ತಿದಾಗ ಆ ಗೆರೆ ಎಣ್ಣೆಯನ್ನು ಸ್ಕ್ರೂವಿನ ಹಾಗೆ ಹೊರಗೆ ದೂಡುತ್ತದೆ. ಪರೀಕ್ಷೆ ಸುಲಭ. ಶಾಫ್ಟಿಗೆ ತೆಳ್ಳಗೆ ಎಣ್ಣೆ ಹಚ್ಚಿ, ಒಂದು ದಾರ ಹಾಕಿ, ತುದಿಗೆ ಸಣ್ಣ ನಟ್ ಕಟ್ಟಿ ತೂಗಬಿಡಿ. ಲೇತಿನಲ್ಲಿ ನಿಧಾನ, ನಿಮಿಷಕ್ಕೆ 60 ಸುತ್ತಿನಷ್ಟು ತಿರುಗಿಸಿ. ದಾರ ಒಂದು ಬದಿಗೆ ಸರಿಯುತ್ತ ಹೋಗಿ, ಉಲ್ಟಾ ತಿರುಗಿಸಿದಾಗ ಎದುರು ಬದಿಗೆ ಸರಿದರೆ ಗೆರೆ ಇದೆ. ಗ್ರೈಂಡಿಂಗ್ ಚಕ್ರವನ್ನು ಪಕ್ಕಕ್ಕೆ ಸರಿಸದೆ ನೇರ ಒತ್ತಿ ಗ್ರೈಂಡ್ ಮಾಡಿಸಬೇಕು.

ತುಟಿ ಕೂರುವ ಜಾಗ ಸವೆದು ತಗ್ಗು ಬಿದ್ದಿದ್ದರೆ ಶಾಫ್ಟ್ ಬದಲಿಸಬೇಕೆಂದಿಲ್ಲ. ಕಾಲು ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ರಿಪೇರಿ ಸ್ಲೀವ್ ಸಿಗುತ್ತದೆ, ಸೀಲ್ ಅದೇ ಅಳತೆಯದು ನಡೆಯುತ್ತದೆ. ಜಾಗವಿದ್ದರೆ ಸೀಲನ್ನೇ 2–3 ಮಿ.ಮೀ. ಒಳಗೆ ಸರಿಸಿ ಕೂರಿಸಿ. ಗೇರ್‌ಬಾಕ್ಸಿನ ಬ್ರೀದರ್ ಪ್ಲಗ್ (ಒಳಗಿನ ಗಾಳಿ ಹೊರಹೋಗುವ ತೂತಿನ ಬಿರಡೆ) ಬಿಚ್ಚಿ ಊದಿ ನೋಡುವುದನ್ನೂ ಬಿಡಬೇಡಿ. ಅದು ದೂಳಿನಿಂದ ಕಟ್ಟಿಕೊಂಡರೆ ಒಳಗಿನ ಬಿಸಿ ಗಾಳಿಗೆ ಸೀಲೇ ಬಾಗಿಲು; ಸಾಮಾನ್ಯ ಆಯಿಲ್ ಸೀಲ್ ಅರ್ಧ ಬಾರ್ ಒತ್ತಡವನ್ನೂ ದಾಟಿ ತಡೆಯುವಂಥದ್ದಲ್ಲ.

ಪ್ರಶ್ನೆ: ಹೊಳೆಯಿಂದ ನೀರೆತ್ತುವ ಪಂಪಿಗೆ ಗ್ಲ್ಯಾಂಡ್ ಪ್ಯಾಕಿಂಗ್ ತೆಗೆದು ಮೆಕ್ಯಾನಿಕಲ್ ಸೀಲ್ ಹಾಕಿಸಬೇಕೆಂದಿದ್ದೇವೆ. ಸರಿಯೇ?
– ಮುಧೋಳ

ಉತ್ತರ: ಘಟಪ್ರಭೆಯ ಮಳೆಗಾಲದ ಕೆಂಪು ನೀರಿಗೆ, ಪಂಪಿನ ಹತ್ತಿರ ಸದಾ ಒಬ್ಬರು ಇರುವ ಕಡೆ, ಪ್ಯಾಕಿಂಗೇ, ಅಂದರೆ ಶಾಫ್ಟಿನ ಸುತ್ತ ತುಂಬುವ ಹಗ್ಗದಂಥ ಉಂಗುರಗಳೇ, ವಾಸಿ. ಫುಟ್‌ವಾಲ್ವ್ ಸೋರಿ ಪಂಪ್ ಒಣಗಿ ಓಡಿದರೆ ಮೆಕ್ಯಾನಿಕಲ್ ಸೀಲಿನಲ್ಲಿ ಒಂದಕ್ಕೊಂದು ಒತ್ತಿ ತಿರುಗುವ ಮುಖಗಳು ಕ್ಷಣಗಳಲ್ಲೇ ಕಾದು ಬಿರುಕು ಬಿಡುತ್ತವೆ. ಹಾಕಲೇಬೇಕೆಂದರೆ ಕಾರ್ಬನ್–ಸೆರಾಮಿಕ್ ಜೋಡಿ ಬೇಡ, ಎರಡೂ ಮುಖ ಸಿಲಿಕಾನ್ ಕಾರ್ಬೈಡಿನದು ಕೇಳಿ.

ಪ್ಯಾಕಿಂಗ್ ಸರಿಯಾಗಿ ಹಾಕುವುದು ಹೀಗೆ. ಪ್ಯಾಕಿಂಗ್ ಕೂರುವ ಬಾಕ್ಸಿನ ಒಳವ್ಯಾಸ 70, ಶಾಫ್ಟಿನ ಮೇಲಿನ ಸ್ಲೀವಿನ ಹೊರವ್ಯಾಸ 50 ಇದ್ದರೆ ವ್ಯತ್ಯಾಸದ ಅರ್ಧ, ಅಂದರೆ 10 ಮಿ.ಮೀ. ಪ್ಯಾಕಿಂಗ್. ಉಂಗುರದ ಉದ್ದ (50 + 10) × 3.14, ಸುಮಾರು 188 ಮಿ.ಮೀ. ಹಳೆಯ ಉಂಗುರ ಒಂದೂ ಉಳಿಯದಂತೆ ತೆಗೆಯಿರಿ. ಒಂದೊಂದನ್ನೇ ತುಂಬಿ ಒತ್ತಿ, ಪ್ರತಿ ಜೋಡವನ್ನು 90 ಡಿಗ್ರಿ ಆಚೆಗೆ ಇಡಿ. ಲ್ಯಾಂಟರ್ನ್ ರಿಂಗ್ (ಪ್ಯಾಕಿಂಗಿಗೆ ನೀರು ಹಂಚುವ ತೂತಿನ ಉಂಗುರ) ನೀರಿನ ರಂಧ್ರದ ಎದುರೇ ಬರಬೇಕು. ಮರಳಿರುವಾಗ ಆ ರಂಧ್ರಕ್ಕೆ ಪಂಪಿನದೇ ನೀರು ಬೇಡ, ಬೇರೆ ಶುದ್ಧ ನೀರು ಕೊಡಿ. ಗ್ಲ್ಯಾಂಡ್ ನಟ್ ಕೈಬಿಗಿ ಮಾಡಿ ಪಂಪ್ ಶುರುಮಾಡಿ, ಮೊದಲು ಧಾರಾಳ ಸೋರಲಿ. ಹತ್ತು ನಿಮಿಷಕ್ಕೊಮ್ಮೆ ಎರಡೂ ನಟ್‌ಗಳನ್ನು ಆರರಲ್ಲೊಂದು ಸುತ್ತು ಬಿಗಿಯಿರಿ. ನಿಮಿಷಕ್ಕೆ 40ರಿಂದ 60 ಹನಿಗೆ ಬಂದಾಗ ಸ್ಪ್ಯಾನರ್ ಕೆಳಗಿಡಿ. ಆ ಹನಿಯೇ ಪ್ಯಾಕಿಂಗಿಗೆ ತಂಪು. ಪೂರ್ತಿ ನಿಲ್ಲಿಸಿದರೆ ಪ್ಯಾಕಿಂಗ್ ಸುಟ್ಟು ಸ್ಲೀವ್ ತಿನ್ನುತ್ತದೆ.

ಪ್ರಶ್ನೆ: ಎಲ್ಲ ಕಡೆಗೂ ವೈಟಾನ್ ರಬ್ಬರಿನ ಓ-ರಿಂಗ್ ಹಾಕಿದರೆ ಚಿಂತೆ ಮುಗಿಯಿತಲ್ಲವೇ?
– ಉದ್ಯಮಬಾಗ, ಬೆಳಗಾವಿ

ಉತ್ತರ: ಇಲ್ಲ. ಮಿನರಲ್ ಎಣ್ಣೆ, 100 ಡಿಗ್ರಿ ಒಳಗಿನ ಕಾವು ಎಂದರೆ ನೈಟ್ರೈಲ್ ಸಾಕು. ವೈಟಾನಿಗೆ ಕೊಟ್ಟ ಹೆಚ್ಚಿನ ಬೆಲೆ ದಕ್ಕುವುದು ಅದಕ್ಕಿಂತ ಮೇಲೆ, ಸುಮಾರು 200 ಡಿಗ್ರಿಯವರೆಗೆ. ಹಬೆ, ಬಿಸಿನೀರಿಗೆ ಇಪಿಡಿಎಂ ಎಂಬ ರಬ್ಬರ್ ಬೇಕು. ಆದರೆ ಅದಕ್ಕೆ ಮಿನರಲ್ ಎಣ್ಣೆ ತಗಲಿದರೆ ಊದಿ ಹಾಳಾಗುತ್ತದೆ. ಕೂರಿಸುವಾಗ ಮಾಮೂಲಿ ಗ್ರೀಸ್ ಕೂಡ ಹಚ್ಚಬಾರದು, ಸಿಲಿಕೋನ್ ಗ್ರೀಸ್ ಮಾತ್ರ.

ಡಬ್ಬಿಯಲ್ಲಿ ಎಲ್ಲ ಬೆರೆತುಹೋಗಿದ್ದರೆ ಬಣ್ಣ ನೋಡಿ ತೀರ್ಮಾನಿಸಬೇಡಿ, ಕಪ್ಪು ವೈಟಾನೂ ಉಂಟು. ಒಂದೇ ಅಳತೆಯ ಎರಡು ಓ-ರಿಂಗನ್ನು ಚಿನ್ನ ತೂಗುವಂಥ ತಕ್ಕಡಿಯಲ್ಲಿ ತೂಗಿ. ವೈಟಾನ್ ನೈಟ್ರೈಲಿಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಭಾರ ಬರುತ್ತದೆ.