ಬೆಂಕಿ ಬಿದ್ದಲ್ಲೆಲ್ಲ ತೀರ್ಪು ಬಿದ್ದಿದೆಯೇ?

ಪ್ರಶ್ನೆ: ಅಯ್ಯನವರೇ, ವಂದನೆಗಳು. ಕಳೆದ ಬೇಸಿಗೆಯಲ್ಲಿ ನಮ್ಮ ಪಕ್ಕದ ಬೀದಿಯವರ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಅದು ಕೊಟ್ಟಿಗೆಗೂ ತಗುಲಿ ಎರಡು ಹಸು ಸತ್ತವು. ಆ ಮನೆಯವರು ಒಂದು ವರ್ಷದಿಂದ ಸಭೆಗೆ ಬರುತ್ತಿರಲಿಲ್ಲ. ಪ್ರಾರ್ಥನಾಕೂಟದಲ್ಲಿ ಹಿರಿಯರೊಬ್ಬರು ‘ನಮ್ಮ ದೇವರು ದಹಿಸುವ ಅಗ್ನಿ’ ಎಂಬ ವಾಕ್ಯ ಓದಿ, ಇದು ದೇವರ ತೀರ್ಪು ಎಂದುಬಿಟ್ಟರು. ಆ ಮನೆಯಾಕೆ ನನ್ನ ಗೆಳತಿ. ಬೈಬಲಿನಲ್ಲಿ ಬೆಂಕಿ ಎಂದರೆ ತೀರ್ಪು ಅಂತಲೇ ಅರ್ಥವೇ? ಆಕೆಗೆ ನಾನು ಏನು ಹೇಳಲಿ?
— ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಅಮ್ಮಾ, ಮೊದಲು ಯೋಬನ ಪುಸ್ತಕದ 1ನೇ ಅಧ್ಯಾಯ ತೆಗೆದು 16ನೇ ವಚನ ನೋಡಿ. ಆಳೊಬ್ಬ ಓಡಿಬರುತ್ತಾನೆ. ದೇವರ ಬೆಂಕಿ ಆಕಾಶದಿಂದ ಬಿದ್ದು ಕುರಿಗಳನ್ನೂ ಕಾಯುವವರನ್ನೂ ಸುಟ್ಟುಬಿಟ್ಟಿತು ಎನ್ನುತ್ತಾನೆ. ‘ದೇವರ ಬೆಂಕಿ’ ಎಂಬುದು ಆ ಆಳಿನ ಮಾತು. ಮೇಲೆ ಪರಲೋಕದಲ್ಲಿ ದೇವರಿಗೂ ಸೈತಾನನಿಗೂ ಏನು ಮಾತುಕತೆ ನಡೆಯಿತೋ ಅವನಿಗೆ ಗೊತ್ತಿಲ್ಲ, ಓದುವ ನಮಗೆ ಗೊತ್ತು. ಯೋಬನಂಥ ಯಥಾರ್ಥನು ಭೂಮಿಯಲ್ಲಿ ಇನ್ನೊಬ್ಬನಿಲ್ಲ ಎಂದು ದೇವರೇ ಅಷ್ಟರಲ್ಲಿ ಹೇಳಿ ಆಗಿದೆ. 7,000 ಕುರಿಗಳ ಮಂದೆ ಹೋದದ್ದು ಅವನ ಪಾಪಕ್ಕಲ್ಲ.

ಆದರೆ ಸಂತೈಸಲು ಬಂದ ಗೆಳೆಯರಿಗೆ ಅದು ತಲೆಗೆ ಹೋಗಲಿಲ್ಲ. ಬಿದ್ದವನಿಗೆ ಆಳಿಗೊಂದು ಕಲ್ಲು ಎನ್ನುತ್ತಾರಲ್ಲ, ಹಾಗೆ ಸರದಿಯ ಮೇಲೆ ಮಾತಾಡಿದರು. 18ನೇ ಅಧ್ಯಾಯದಲ್ಲಿ ಬಿಲ್ದದ ಎಂಬ ಗೆಳೆಯ ದುಷ್ಟನ ಗತಿಯನ್ನು ವರ್ಣಿಸುತ್ತಾ, ಅವನ ಮನೆಯ ಮೇಲೆ ಗಂಧಕ ಎರಚಲಾಗುವುದು ಎನ್ನುತ್ತಾನೆ. ಹೆಸರು ಹಿಡಿಯುವುದಿಲ್ಲ. ಎದುರಿಗೆ ಬೂದಿಯಲ್ಲಿ ಕುಳಿತವನಿಗೆ ತಗುಲಿದರೆ ಸಾಕು! ಪುಸ್ತಕದ ಕೊನೆಯಲ್ಲಿ ದೇವರ ಕೋಪ ಉರಿಯುತ್ತದೆ, ಅದು ಉರಿಯುವುದು ಈ ಗೆಳೆಯರ ಮೇಲೆ. ನೀವು ನನ್ನ ವಿಷಯದಲ್ಲಿ ಸರಿಯಾದದ್ದನ್ನು ಆಡಲಿಲ್ಲ ಎಂಬುದೇ ಕಾರಣ.

ಹಾಗಂತ ಬೈಬಲಿನಲ್ಲಿ ಬೆಂಕಿಗೂ ತೀರ್ಪಿಗೂ ಸಂಬಂಧವೇ ಇಲ್ಲ ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಆದಿಕಾಂಡ 19ರಲ್ಲಿ ಸೊದೋಮ್ ಗೊಮೋರಗಳ ಮೇಲೆ ಗಂಧಕ ಬೆಂಕಿ ಸುರಿಯಿತು. ಅಲ್ಲಿಂದ ಮುಂದೆ ಪ್ರವಾದಿಗಳ ಬಾಯಲ್ಲಿ ಬೆಂಕಿ ಎಂದರೆ ದಂಡನೆಯ ಇನ್ನೊಂದು ಹೆಸರು ಎನ್ನುವಷ್ಟು ಆ ಮಾತು ಬರುತ್ತದೆ. ಆದರೆ ಅವರು ಅದನ್ನು ಯಾರ ಕಡೆಗೆ ಬೊಟ್ಟು ಮಾಡಿ ಹೇಳಿದರು ಎಂಬುದನ್ನು ನಿಧಾನವಾಗಿ ಓದಬೇಕು. ಆಮೋಸನ ಮೊದಲ ಎರಡು ಅಧ್ಯಾಯಗಳಲ್ಲಿ ದೇವರ ಬೆಂಕಿಯ ಮಾತು ಏಳು ಸಲ ಬರುತ್ತದೆ: ದಮಸ್ಕ, ಗಾಜಾ, ತೂರ್, ಎದೋಮ್, ಅಮ್ಮೋನ್, ಮೋವಾಬ್, ಕೊನೆಗೆ ಯೆಹೂದ. ಪ್ರತಿ ಸಲವೂ ತಪ್ಪು ಯಾವುದು ಎಂದು ಮೊದಲೇ ಹೇಳಿಯೇ ಹೇಳುತ್ತಾನೆ. ಊರಿಗೆ ಊರನ್ನೇ ಸೆರೆಹಿಡಿದು ಮಾರಿದ್ದು, ಗಡಿ ವಿಸ್ತರಿಸಲು ಬಸುರಿಯರ ಹೊಟ್ಟೆ ಸೀಳಿದ್ದು, ರಾಜನೊಬ್ಬನ ಎಲುಬನ್ನು ಸುಟ್ಟು ಸುಣ್ಣ ಮಾಡಿದ್ದು. ಇನ್ನು ಆ ಬೆಂಕಿ ನುಂಗುವುದು ಏನನ್ನು? ಏಳಕ್ಕೆ ಏಳು ಸಲವೂ ಕೋಟೆ ಅರಮನೆಗಳನ್ನು. ಒಂದು ಸಲವೂ ಯಾರದೋ ಕೊಟ್ಟಿಗೆಯನ್ನಲ್ಲ.

ನನಗೆ ತುಂಬಾ ಮುಖ್ಯ ಎನಿಸುವ ಜಾಗ ಯಾಜಕಕಾಂಡದಲ್ಲಿದೆ. 9ನೇ ಅಧ್ಯಾಯದ ಕೊನೆಯ ವಚನದಲ್ಲಿ ಯೆಹೋವನ ಸನ್ನಿಧಿಯಿಂದ ಬೆಂಕಿ ಹೊರಟು ಯಜ್ಞವೇದಿಯ ಮೇಲಿನ ಹೋಮದ್ರವ್ಯವನ್ನು ದಹಿಸುತ್ತದೆ. ಜನರು ಸಂತೋಷದಿಂದ ಕೂಗಿ ಅಡ್ಡಬೀಳುತ್ತಾರೆ. ಮುಂದಿನ ಅಧ್ಯಾಯದ 2ನೇ ವಚನದಲ್ಲಿ ಅದೇ ಸನ್ನಿಧಿಯಿಂದ ಬೆಂಕಿ ಹೊರಟು ಆರೋನನ ಮಕ್ಕಳಾದ ನಾದಾಬ್ ಮತ್ತು ಅಬೀಹೂ ಇಬ್ಬರನ್ನೂ ದಹಿಸುತ್ತದೆ. ಹೀಬ್ರೂ ಮೂಲದಲ್ಲಿ ಈ ಎರಡು ವಾಕ್ಯಗಳ ಆರಂಭ ಅಕ್ಷರಕ್ಕೆ ಅಕ್ಷರ ಒಂದೇ. ಕೃಪೆಗೊಂದು ಬೆಂಕಿ, ಶಿಕ್ಷೆಗೊಂದು ಬೆಂಕಿ ಎಂದು ಎರಡಿಲ್ಲ. ದೇವರು ಹತ್ತಿರ ಬಂದಿದ್ದಾನೆ ಎಂಬುದಕ್ಕೆ ಅದು ಗುರುತು. ಮೋಶೆ ಕಂಡ ಪೊದೆಯನ್ನು ಸುಡದೆ ಉರಿದದ್ದೂ ಅದೇ, ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ರಾತ್ರಿ ದಾರಿ ತೋರಿಸಿದ್ದೂ ಅದೇ. ಇನ್ನೊಂದು ಮಾತು: ಅಲ್ಲಿ ಸತ್ತವರು ಆರಾಧನೆಗೆ ಬರದೆ ಮನೆಯಲ್ಲಿ ಕುಳಿತವರಲ್ಲ. ಧೂಪಾರತಿ ಕೈಯಲ್ಲಿ ಹಿಡಿದಿದ್ದ ಯಾಜಕರು. ತೀರ್ಪು ದೇವರ ಮನೆಯಲ್ಲೇ ಆರಂಭವಾಗುತ್ತದೆ ಎಂದು ಪೇತ್ರನೂ ಬರೆದಿದ್ದಾನೆ.

ಮಲಾಕಿಯ 3ರಲ್ಲಿ ದೇವರು ಬೆಳ್ಳಿಯನ್ನು ಪುಟಕ್ಕೆ ಹಾಕುವವನ ಹಾಗೆ ಕುಳಿತುಕೊಳ್ಳುತ್ತಾನೆ. ಅಲ್ಲಿಯೂ ಪುಟಕ್ಕೆ ಬೀಳುವವರು ಯಾಜಕ ಕುಲದವರಾದ ಲೇವಿಯರೇ. (ಬೆಳ್ಳಿಯಲ್ಲಿ ತನ್ನ ಮುಖ ಕಾಣುವ ತನಕ ಅಕ್ಕಸಾಲಿಗ ಕಾಯುತ್ತಾನೆ ಎಂಬ ಕಥೆಯನ್ನು ನೀವು ಕೇಳಿರಬಹುದು. ಚೆನ್ನಾಗಿದೆ, ಆದರೆ ಮಲಾಕಿಯನಲ್ಲಿ ಅದಿಲ್ಲ.) ಆ ಕಾಲದಲ್ಲಿ ಬೆಳ್ಳಿ ಸಿಗುತ್ತಿದ್ದದ್ದು ಹೆಚ್ಚಾಗಿ ಸೀಸದ ಅದಿರಿನ ಜೊತೆ. ತಿದಿ ಒತ್ತಿ ಒತ್ತಿ ಕಾಯಿಸಿದರೆ ಸೀಸವು ಕಲ್ಮಷವನ್ನೂ ಹೊತ್ತುಕೊಂಡು ಬೇರೆಯಾಗಿ, ಕೊನೆಗೆ ಬೆಳ್ಳಿ ಉಳಿಯುತ್ತಿತ್ತು. ಉಳಿಸಿಕೊಳ್ಳಬೇಕೆಂಬ ಆಸೆ ಇದ್ದವನೇ ಈ ಕೆಲಸಕ್ಕೆ ಕೂರುವುದು.

ಈಗ ನಿಮ್ಮ ಹಿರಿಯರು ಓದಿದ ವಾಕ್ಯಕ್ಕೆ ಬರೋಣ. ಅದು ಇಬ್ರಿಯ 12:29. ಧರ್ಮೋಪದೇಶಕಾಂಡ 4:24ರಿಂದ ತೆಗೆದುಕೊಂಡ ಮಾತು. ಅದೇ ಅಧ್ಯಾಯದಲ್ಲಿ ಏಳು ವಚನ ಕೆಳಗೆ ಇಳಿದರೆ, ನಿಮ್ಮ ದೇವರು ಕನಿಕರವುಳ್ಳವನು, ನಿಮ್ಮ ಕೈಬಿಡುವುದಿಲ್ಲ ಎಂದಿದೆ. ಇಬ್ರಿಯದಲ್ಲಾದರೆ ಅಷ್ಟು ದೂರವೂ ಹೋಗಬೇಕಿಲ್ಲ. ದಹಿಸುವ ಅಗ್ನಿಯ ಮರುವಾಕ್ಯವೇ ಸಹೋದರ ಪ್ರೀತಿ ನಿಲ್ಲದಿರಲಿ ಎನ್ನುತ್ತದೆ. ಮಧ್ಯೆ 13 ಎಂಬ ಅಧ್ಯಾಯದ ಅಂಕಿ ಇರುವುದರಿಂದ ನಾವು ಅಲ್ಲಿಗೆ ಪುಸ್ತಕ ಮುಚ್ಚುತ್ತೇವೆ. ಆ ಅಂಕಿಗಳು ಎಷ್ಟೋ ಶತಮಾನಗಳ ನಂತರ ಸೇರಿಸಿದವು.

ಯೇಸುವಿನ ಕಾಲದಲ್ಲೂ ಇಂಥ ಹಿರಿಯರಿದ್ದರು, ಅವರು ಶಿಷ್ಯರೇ! ಸಮಾರ್ಯದ ಹಳ್ಳಿಯೊಂದು ಇಳಿದುಕೊಳ್ಳಲು ಜಾಗ ಕೊಡಲಿಲ್ಲ ಎಂದು, ಆಕಾಶದಿಂದ ಬೆಂಕಿ ಬೀಳಲಿ ಎಂದು ಹೇಳೋಣವೇ ಎಂದು ಯಾಕೋಬ ಯೋಹಾನರು ಕೇಳಿದರು. ಪ್ರವಾದಿ ಎಲೀಯನು ಹಾಗೆ ಮಾಡಿದ ಕಥೆ ಅವರಿಗೆ ಗೊತ್ತಿತ್ತು. ಯೇಸು ತಿರುಗಿಕೊಂಡು ಗದರಿಸಿದ್ದು ಹಳ್ಳಿಯವರನ್ನಲ್ಲ, ಇವರಿಬ್ಬರನ್ನು. ಸಿಲೊವಾಮಿನ ಬುರುಜು ಬಿದ್ದು 18 ಜನ ಸತ್ತಾಗ, ಅವರು ಉಳಿದವರಿಗಿಂತ ಪಾಪಿಷ್ಠರೋ ಎಂದು ಕೇಳಿ, ಅಲ್ಲ ಎಂದು ತಾನೇ ಉತ್ತರ ಕೊಟ್ಟ (ಲೂಕ 13).

ಗೆಳತಿಗೆ ಏನು ಹೇಳಲಿ ಎಂದಿರಿ. ಹೇಳುವುದಕ್ಕೆ ಅವಸರ ಮಾಡಬೇಡಿ. ಯೋಬ 42:11 ನೋಡಿ. ಅವನ ಅಣ್ಣತಮ್ಮ ಅಕ್ಕತಂಗಿಯರೂ ಪರಿಚಯದವರೂ ಮನೆಗೆ ಬಂದು, ಅವನ ಜೊತೆ ಕುಳಿತು ಊಟಮಾಡಿ, ಒಬ್ಬೊಬ್ಬರೂ ಒಂದು ಬೆಳ್ಳಿಯ ತುಂಡು, ಒಂದು ಚಿನ್ನದ ಉಂಗುರ ಕೊಟ್ಟರು. ನಿಮ್ಮೂರಿನ ಲೆಕ್ಕದಲ್ಲಿ ಅದು ಒಂದು ಗಾಡಿ ಹುಲ್ಲು ಆಗಬಹುದು. ಸಭೆಯವರೆಲ್ಲ ಸೇರಿದರೆ ಒಂದು ಕರುವೂ ಆದೀತು.

ಪ್ರಶ್ನೆ: ಯೇಸು ಹೇಳಿದ ‘ಗೆಹೆನ್ನ’ ಎಂದರೆ ಯೆರೂಸಲೇಮಿನ ಕಸ ಸುಡುವ ಜಾಗ, ಅಲ್ಲಿ ಹಗಲುರಾತ್ರಿ ಬೆಂಕಿ ಆರುತ್ತಿರಲಿಲ್ಲ ಎಂದು ಪ್ರಸಂಗದಲ್ಲಿ ಕೇಳಿದೆ. ನಿಜವೇ?
— ಕಾಲೇಜು ವಿದ್ಯಾರ್ಥಿ, ಬಳ್ಳಾರಿ

ಉತ್ತರ: ನಾನೂ ಬಹಳ ವರ್ಷ ಹೀಗೇ ಪ್ರಸಂಗ ಮಾಡಿದವನು, ಆದ್ದರಿಂದ ಆ ಬೋಧಕರನ್ನು ದೂರುವುದಿಲ್ಲ. ಆದರೆ ಈ ಮಾತು ನಮಗೆ ಸಿಗುವುದು ಸುಮಾರು 1200ರ ಹೊತ್ತಿನ ಯೆಹೂದಿ ವ್ಯಾಖ್ಯಾನಕಾರ ದಾವೀದ್ ಕಿಮ್ಹಿಯ ಬರಹದಲ್ಲಿ. ಯೇಸುವಿನ ಕಾಲಕ್ಕೂ ಅದಕ್ಕೂ ಸಾವಿರ ವರ್ಷಕ್ಕಿಂತ ಹೆಚ್ಚಿನ ಅಂತರ. ಗೆಹೆನ್ನ ಎಂಬ ಆ ಕಣಿವೆಯನ್ನು ಅಗೆದು ನೋಡಿದವರಿಗೂ ಸದಾ ಉರಿಯುವ ಕಸದ ಗುಂಡಿಯ ಕುರುಹು ಸಿಕ್ಕಿಲ್ಲ.

ಬೈಬಲ್ ಹೇಳುವ ಕಾರಣ ಕಸಕ್ಕಿಂತ ಘೋರವಾದದ್ದು. ಗೆಹೆನ್ನ ಎಂದರೆ ಯೆರೂಸಲೇಮಿನ ದಕ್ಷಿಣದ ಹಿನ್ನೋಮ್ ಕಣಿವೆ. ಅಲ್ಲಿನ ತೋಫೆತ್ ಎಂಬ ಜಾಗದಲ್ಲಿ ಜನರು ತಮ್ಮ ಮಕ್ಕಳನ್ನೇ ಬೆಂಕಿಗೆ ಆಹುತಿ ಕೊಟ್ಟರು. ಆಹಾಜ, ಮನಸ್ಸೆ ಎಂಬ ಅರಸರೂ ಈ ಕಣಿವೆಯಲ್ಲಿ ಅದನ್ನೇ ಮಾಡಿದರು. ನಾನು ಇದನ್ನು ಆಜ್ಞಾಪಿಸಲಿಲ್ಲ, ಇದು ನನ್ನ ಮನಸ್ಸಿಗೂ ಬಂದಿರಲಿಲ್ಲ ಎಂದು ದೇವರು ಯೆರೆಮೀಯನ ಮೂಲಕ ಹೇಳುತ್ತಾನೆ (7:31). ಅರಸ ಯೋಷೀಯ ಆ ಜಾಗವನ್ನು ಹೊಲೆಮಾಡಿ, ಇನ್ನು ಯಾರೂ ಬಲಿ ಕೊಡದ ಹಾಗೆ ನೋಡಿಕೊಂಡ. ಮನುಷ್ಯರು ದೇವರ ಹೆಸರಿನಲ್ಲಿ ಹೊತ್ತಿಸಿದ ಬೆಂಕಿಯ ಜಾಗವೇ ಮುಂದೆ ದೇವರ ತೀರ್ಪಿನ ಹೆಸರಾಯಿತು. ಕನ್ನಡ ಬೈಬಲಿನಲ್ಲಿ ನಾವು ‘ನರಕ’ ಎಂದು ಓದುವಾಗ ಆ ಮಕ್ಕಳ ಕೂಗು ಕಿವಿಗೆ ಬೀಳುವುದಿಲ್ಲ.

ಹೊಸ ಒಡಂಬಡಿಕೆಯಲ್ಲಿ ಗೆಹೆನ್ನ ಎಂಬ ಪದ 12 ಸಲ ಬರುತ್ತದೆ, 11 ಸಲ ಯೇಸುವಿನ ಬಾಯಲ್ಲೇ. ಉಳಿದ ಒಂದು ಯಾಕೋಬ 3:6ರಲ್ಲಿದೆ. ಅಲ್ಲಿ ಗೆಹೆನ್ನದಿಂದ ಹೊತ್ತಿಕೊಳ್ಳುವುದು ನಾಲಿಗೆ. ಮೇಲಿನ ಪ್ರಶ್ನೆಯ ಹಿರಿಯರಿಗೂ ಇದನ್ನು ಯಾರಾದರೂ ಓದಿ ಹೇಳಬಹುದು.

ಪ್ರಶ್ನೆ: ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ‘ಬೆಂಕಿಯ ಕೆರೆ’ ನಿಜವಾದ ಬೆಂಕಿಯೇ, ಉಪಮೆಯೇ?
— ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ದೊಡ್ಡವರಲ್ಲೇ ಒಮ್ಮತವಿಲ್ಲ ಸಾರ್. ಆದಿಸಭೆಯ ಪಂಡಿತ ಅಗಸ್ಟೀನ್ ನಿಜವಾದ ಬೆಂಕಿ ಎಂದು ವಾದಿಸಿದ. 16ನೇ ಶತಮಾನದ ಸಭಾಸುಧಾರಕ ಕ್ಯಾಲ್ವಿನ್ ನಿತ್ಯಾಗ್ನಿಯ ಮಾತನ್ನು ರೂಪಕ ಎಂದೇ ಬಿಡಿಸಿದ. ನಾನು ಕ್ಯಾಲ್ವಿನ್ ಕಡೆ. ಮತ್ತಾಯನ ಸುವಾರ್ತೆಯಲ್ಲೇ ತೀರ್ಪು ಒಂದು ಕಡೆ ಬೆಂಕಿಯ ಕೊಂಡ, ಇನ್ನೊಂದು ಕಡೆ ಹೊರಗಿನ ಕತ್ತಲೆ. ಉರಿಯೂ ಕಗ್ಗತ್ತಲೂ ಒಂದೇ ಜಾಗದಲ್ಲಿ ಇರಬೇಕಾದರೆ ಎರಡೂ ಮಾತುಗಳು ತಮ್ಮನ್ನು ಮೀರಿದ ಇನ್ನೇನನ್ನೋ ತೋರಿಸುತ್ತಿವೆ. ಮತ್ತೆ, ಪ್ರಕಟನೆ 20:14ರಲ್ಲಿ ಆ ಕೆರೆಗೆ ಬೀಳುವವು ಮರಣ ಮತ್ತು ಪಾತಾಳ. ಅವಕ್ಕೆ ಸುಡುವ ಮೈಯಿಲ್ಲ. ಪ್ರಕಟನೆಯನ್ನು ಬರೆದ ಯೋಹಾನನೂ ಅದನ್ನು ಒಗಟಾಗಿ ಬಿಟ್ಟಿಲ್ಲ. ಬೆಂಕಿಯ ಕೆರೆ ಎಂದರೆ ಎರಡನೆಯ ಮರಣ ಎಂದು ಅದೇ ವಚನದಲ್ಲಿ ಅರ್ಥ ಬರೆದಿಟ್ಟಿದ್ದಾನೆ.