ಮಿಲ್ಲಿನ ಬಿಹಾರಿ, ಕ್ಯಾಂಪಿನ ಬಂಗಾಳಿ, ಅಮೆರಿಕದ ಅಳಿಯ

ಕೊಪ್ಪಳ ಜಿಲ್ಲೆಯ ಕಾರಟಗಿಯಿಂದ ಓದುಗರೊಬ್ಬರು ಬರೆದಿದ್ದಾರೆ: “ನಮ್ಮೂರಿನ ರೈಸ್ ಮಿಲ್ಲುಗಳ ತುಂಬ ಈಗ ಬಿಹಾರದವರು. ಅತ್ತ ಸಿಂಧನೂರು ಕಡೆ ಬಂಗಾಳಿ ಕ್ಯಾಂಪುಗಳು. ರಾತ್ರಿ ಸೀಟಿ ಊದಿಕೊಂಡು ಬರುವ ಗೂರ್ಖಾ ನೇಪಾಳದವನು. ಇವರೆಲ್ಲರ ಹತ್ತಿರ ಆಧಾರ್ ಇದೆ, ನಾಳೆ ವೋಟೂ ಸಿಗುತ್ತದೆ. ಇಲ್ಲೇ ಹುಟ್ಟಿದ ನನ್ನ ತಂಗಿಯ ಮಗ ಅಮೆರಿಕದ ಪೌರತ್ವ ತಗೊಂಡ ಅಂತ ನಾಲ್ಕು ಎಕರೆ ಗದ್ದೆ ಕೊಳ್ಳುವಂತಿಲ್ಲವಂತೆ. ಇದು ಯಾವ ನ್ಯಾಯ?”

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ನಾಲ್ಕು ಥರದ ಭತ್ತವನ್ನು ಒಂದೇ ಚೀಲಕ್ಕೆ ಸುರಿದಿದ್ದೀರಿ. ಬಿಡಿಸಿ ನೋಡೋಣ.

ಬಿಹಾರದ ಹಮಾಲಿ ವಿಷಯದಲ್ಲಿ ಚರ್ಚೆಯೇ ಇಲ್ಲ. ಅವನು ನಿಮ್ಮಷ್ಟೇ ಭಾರತದ ನಾಗರಿಕ. ನಮ್ಮಲ್ಲಿ ರಾಜ್ಯಕ್ಕೊಂದು ಪೌರತ್ವ ಇಲ್ಲ, ಇರುವುದು ಒಂದೇ. ದೇಶದ ಯಾವ ಮೂಲೆಗೆ ಬೇಕಾದರೂ ಹೋಗಿ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಇಲ್ಲೇ ವಾಸವಾಗಿದ್ದರೆ ಕಾರಟಗಿಯ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು, ಊರಿನ ಪಟ್ಟಿಯಿಂದ ತೆಗೆಸಬೇಕು ಅಷ್ಟೇ. 1953ರಲ್ಲಿ ತುಂಗಭದ್ರಾ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರೂ ಹೀಗೇ ಅಲ್ವಾ? ನಿಮ್ಮ ಸುತ್ತಮುತ್ತ ಹೆಸರಿನ ಕೊನೆಗೆ ‘ಕ್ಯಾಂಪ್’ ಅಂಟಿಸಿಕೊಂಡ ಊರುಗಳು ಎಷ್ಟಿಲ್ಲ! ಸ್ಥಳೀಯರಿಗೆ ಅಂತ ಪ್ರತ್ಯೇಕವಾಗಿ ಇರುವುದು ಸಂವಿಧಾನದ 371ಜೆ ವಿಧಿಯ ಮೀಸಲಾತಿ. ಅದು ನಮ್ಮ ಕಲ್ಯಾಣ ಕರ್ನಾಟಕ ಭಾಗದ ಸರ್ಕಾರಿ ನೌಕರಿ, ಕಾಲೇಜು ಸೀಟಿಗೆ ಸಂಬಂಧಪಟ್ಟದ್ದು. ಮಿಲ್ಲಿನಲ್ಲಿ ಮೂಟೆ ಹೊರುವುದಕ್ಕಲ್ಲ.

ಗೂರ್ಖಾ ಕತೆ ಬೇರೆ. ನೇಪಾಳದ ಪ್ರಜೆಯಾಗಿದ್ದರೆ ಅವನು ವಿದೇಶಿ. ಆದರೂ ವೀಸಾ ಬೇಡ. 1950ರ ಭಾರತ-ನೇಪಾಳ ಒಪ್ಪಂದದ ಪ್ರಕಾರ ಬರಬಹುದು, ಇರಬಹುದು, ದುಡಿಯಬಹುದು. ವೋಟು ಮಾತ್ರ ಇಲ್ಲ. ಹಂಪಿ ಹತ್ತಿರದ ಆನೆಗೊಂದಿ, ಸಾಣಾಪುರಕ್ಕೆ ಬರುವ ಜರ್ಮನಿಯ ಪ್ರವಾಸಿಗರಿಗೆ ಈ ಸೌಕರ್ಯ ಇಲ್ಲ. ಅವರಿಗೆ ಪಾಸ್‌ಪೋರ್ಟು, ವೀಸಾ ಎರಡೂ ಬೇಕು. ರೂಮು ಕೊಟ್ಟವರು 24 ಗಂಟೆಯೊಳಗೆ ನಿಗದಿತ ಫಾರ್ಮ್ ತುಂಬಿ ಸರ್ಕಾರಕ್ಕೆ ತಿಳಿಸಬೇಕು. ವೀಸಾ ಅವಧಿ ಮುಗಿದರೂ ಉಳಿದರೆ 2025ರ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು, 3 ಲಕ್ಷದವರೆಗೆ ದಂಡ ಇದೆ.

ಆದರೆ ವಿದೇಶಿ ಅಂದ ಮಾತ್ರಕ್ಕೆ ಹಕ್ಕೇ ಇಲ್ಲದವನು ಅಂತಲ್ಲ. ಕಾನೂನಿನ ಮುಂದೆ ಸಮಾನತೆ, ಜೀವದ ರಕ್ಷಣೆ, ಅಂದರೆ 14 ಮತ್ತು 21ನೇ ವಿಧಿಗಳು, ಈ ನೆಲದ ಮೇಲಿರುವ ಎಲ್ಲರಿಗೂ ಸೇರಿದ್ದು. ವೋಟು, ಚುನಾವಣೆಗೆ ನಿಲ್ಲುವುದು, 19ನೇ ವಿಧಿಯ ಸ್ವಾತಂತ್ರ್ಯಗಳು, ಇಂಥ ಕೆಲವು ಮಾತ್ರ ನಾಗರಿಕರಿಗೆ ಮೀಸಲು.

ಇನ್ನು ಸಿಂಧನೂರಿನ ಆರ್.ಎಚ್. ಕ್ಯಾಂಪುಗಳು, ಅಂದರೆ ನೀವು ಹೇಳುವ ಬಂಗಾಳಿ ಕ್ಯಾಂಪುಗಳು. ನಿಜವಾದ ತೊಡಕು ಇರುವುದು ಇಲ್ಲಿ. ಪೂರ್ವ ಪಾಕಿಸ್ತಾನ (ಈಗಿನ ಬಾಂಗ್ಲಾದೇಶ) ಬಿಟ್ಟು ಬಂದ ಬಂಗಾಳಿ ಹಿಂದೂಗಳನ್ನು ಸರ್ಕಾರವೇ ಕರೆತಂದು, ಜಮೀನು ಕೊಟ್ಟು ಕೂರಿಸಿದ ಜಾಗಗಳು ಇವು. ಕಳ್ಳದಾರಿಯಲ್ಲಿ ಬಂದು ಅಡಗಿ ಕೂತವರ ಊರಲ್ಲ. ಹಾಗಿದ್ದರೂ ಪೌರತ್ವದ ಕಾಗದ ಎಲ್ಲರ ಕೈಗೂ ಬರಲಿಲ್ಲ. ಅಲ್ಲಿನ ಒಂದು ಮನೆ ಊಹಿಸಿಕೊಳ್ಳಿ. ಅಪ್ಪ ಅಮ್ಮ ಇಬ್ಬರೂ ಗಡಿಯಾಚೆ ಹುಟ್ಟಿದವರು, ನೋಂದಣಿ ಮಾಡಿಸಿಕೊಂಡಿಲ್ಲ. ದೊಡ್ಡ ಮಗ 1985ರಲ್ಲಿ ಸಿಂಧನೂರಿನಲ್ಲಿ ಹುಟ್ಟಿದ. ಅವನು ಹುಟ್ಟಿನಿಂದಲೇ ಭಾರತದ ನಾಗರಿಕ. 1987ರ ಜುಲೈ 1ಕ್ಕೆ ಮುಂಚೆ ಇಲ್ಲಿ ಹುಟ್ಟಿದವರಿಗೆ ಅಪ್ಪ ಅಮ್ಮ ಯಾವ ದೇಶದವರು ಅಂತ ಕಾನೂನು ಕೇಳುತ್ತಿರಲಿಲ್ಲ, ರಾಯಭಾರಿಗಳ ಮಕ್ಕಳಂಥ ಒಂದೆರಡು ಅಪವಾದ ಬಿಟ್ಟು. ತಮ್ಮ ಹುಟ್ಟಿದ್ದು 1990ರಲ್ಲಿ. ಅದೇ ಮನೆ, ಅದೇ ಸೂಲಗಿತ್ತಿ. ಆದರೆ ಅಷ್ಟರಲ್ಲಿ ತಂದೆ ತಾಯಿಯಲ್ಲಿ ಒಬ್ಬರಾದರೂ ನಾಗರಿಕರಾಗಿರಬೇಕು ಎಂಬ ನಿಯಮ ಬಂದಿತ್ತು. ಅವನು ನಾಗರಿಕನಲ್ಲ. 2004ರ ಡಿಸೆಂಬರ್ 3ರಿಂದ ಇನ್ನೂ ಬಿಗಿಯಾಯಿತು: ಇಬ್ಬರೂ ನಾಗರಿಕರಾಗಿರಬೇಕು, ಇಲ್ಲವೇ ಒಬ್ಬರು ನಾಗರಿಕರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಹಾಗಾಗಿ ಆ ದೊಡ್ಡ ಮಗ ಕಾಗದವಿಲ್ಲದೆ ಗಡಿ ದಾಟಿ ಬಂದವಳನ್ನು ಮದುವೆಯಾಗಿದ್ದರೆ, 2010ರಲ್ಲಿ ಹುಟ್ಟಿದ ಅವನ ಮಗಳಿಗೂ ಹುಟ್ಟಿನಿಂದ ಪೌರತ್ವ ಇಲ್ಲ. ಆ ಹುಡುಗಿ ನಿಮ್ಮ ಮೊಮ್ಮಕ್ಕಳಂತೆ ಕನ್ನಡ ಶಾಲೆಯಲ್ಲೇ ಓದಿರಬಹುದು. ಕಾನೂನಿಗೆ ಅದು ಲೆಕ್ಕಕ್ಕಿಲ್ಲ.

ಇಂಥವರಿಗೆ ಇನ್ನೊಂದು ತೊಂದರೆ. ಭಾರತದಲ್ಲಿ ನಿರಾಶ್ರಿತರಿಗೆ ಅಂತ ಪ್ರತ್ಯೇಕ ಕಾಯ್ದೆ ಇಲ್ಲ, 1951ರ ನಿರಾಶ್ರಿತರ ಒಪ್ಪಂದಕ್ಕೂ ನಾವು ಸಹಿ ಹಾಕಿಲ್ಲ. ಪೌರತ್ವ ಇಲ್ಲದೆಯೂ ಕಾಯಂ ಆಗಿ ನೆಲೆಸಲು ಬಿಡುವ ಅಮೆರಿಕದ ಗ್ರೀನ್ ಕಾರ್ಡ್ ಥರ ನಡುವಿನ ಮೆಟ್ಟಿಲೂ ಸಾಮಾನ್ಯ ಜನರಿಗೆ ಇಲ್ಲ. ಸಾಮಾನ್ಯವಾಗಿ ವಿದೇಶಿಯೊಬ್ಬ ಇಲ್ಲಿ ಸುಮಾರು 12 ವರ್ಷ ವಾಸ ಮಾಡಿ ಪೌರತ್ವಕ್ಕೆ ಅರ್ಜಿ ಹಾಕಬಹುದು. ಆದರೆ ಅಕ್ರಮ ವಲಸಿಗ ಎಂಬ ಹಣೆಪಟ್ಟಿ ಬಿದ್ದರೆ ಆ ಬಾಗಿಲೂ ಮುಚ್ಚಿತು. ಪೌರತ್ವ ಕಾಯ್ದೆಯ 2019ರ ತಿದ್ದುಪಡಿ (ಸಿಎಎ) ಕೆಲವರಿಗೆ ಅದನ್ನು ತೆರೆಯಿತು. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ವಿನಾಯಿತಿ ಸಿಕ್ಕಿತು. ನಿಯಮಗಳು 2024ರ ಮಾರ್ಚಿನಲ್ಲಿ ಬಂದವು, ಅದೇ ವರ್ಷ ಸಿಂಧನೂರಿನ ಕೆಲವರ ಕೈಗೆ ಪ್ರಮಾಣಪತ್ರವೂ ಬಂತು. ಧರ್ಮ ನೋಡಿ ಬಾಗಿಲು ತೆರೆಯುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಅರ್ಧ ಶತಮಾನ ಕಾದ ಈ ಜನರಿಗೆ ಕಾಗದ ಸಿಕ್ಕಿದ್ದಕ್ಕೆ ಸಂತೋಷವೇ.

ಆಧಾರ್ ಬಗ್ಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಅದು ಪೌರತ್ವದ ಪುರಾವೆ ಅಲ್ಲ ಅಂತ ಆಧಾರ್ ಕಾಯ್ದೆಯೇ ಹೇಳುತ್ತದೆ. ಕಾನೂನುಬದ್ಧವಾಗಿ 182 ದಿನ ಇಲ್ಲಿದ್ದ ವಿದೇಶಿಗೂ ಅದು ಸಿಗುತ್ತದೆ.

ಈಗ ನಿಮ್ಮ ಅಳಿಯ. ನಿಮಗೆ ಬೇಜಾರಾಗಬಹುದು, ಆದರೆ ನಿಮ್ಮ ಪತ್ರದಲ್ಲಿ ಖಂಡಿತವಾಗಿ ವಿದೇಶಿ ಅನ್ನಬಹುದಾದವನು ಗೂರ್ಖಾನನ್ನು ಬಿಟ್ಟರೆ ಇವನೊಬ್ಬನೇ! ಕೆಲಸಕ್ಕೆ ಅಂತ ಅಮೆರಿಕದಲ್ಲಿದ್ದು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ಅವನು ಅನಿವಾಸಿ ಭಾರತೀಯ, ಅಂದರೆ ನಾಗರಿಕನೇ. ಚುನಾವಣೆ ದಿನ ಊರಿಗೆ ಬಂದು ವೋಟನ್ನೂ ಹಾಕಬಹುದಿತ್ತು. ಅಲ್ಲಿನ ಪೌರತ್ವ ತೆಗೆದುಕೊಂಡ ಕ್ಷಣವೇ ಇಲ್ಲಿನದು ತಾನಾಗಿ ಹೋಯಿತು. ಎರಡು ದೋಣಿ ಸವಾರಿಗೆ ನಮ್ಮ ಕಾನೂನು ಒಪ್ಪುವುದಿಲ್ಲ. ಅವನ ಹತ್ತಿರ ಇರುವ ಒಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡು, ಹೆಸರಲ್ಲಿ ‘ಸಿಟಿಜನ್’ ಇದ್ದರೂ, ಜೀವನಪರ್ಯಂತದ ವೀಸಾ ಇದ್ದ ಹಾಗೆ. ಸೈಟು, ಮನೆ ಕೊಳ್ಳಬಹುದು. ಹೊಲ, ಗದ್ದೆ, ತೋಟದ ಮನೆ ಕೊಳ್ಳುವಂತಿಲ್ಲ.

ವಾರಸುದಾರಿಕೆಯಿಂದ ಬರುವ ಜಮೀನಿಗೆ ಮಾತ್ರ ಈ ಅಡ್ಡಿ ಇಲ್ಲ. ನಿಮ್ಮ ತಂಗಿಯ ಹೆಸರಿನಲ್ಲಿ ಗದ್ದೆ ಇದ್ದರೆ ಮುಂದೆ ಅದು ಮಗನಿಗೆ ಬರಬಹುದು. ಅದಲ್ಲದೆ ಗದ್ದೆ ಬೇಕೇ ಬೇಕು ಅಂದರೆ ಇನ್ನೊಂದು ದಾರಿ ಇದೆ. ಒಸಿಐ ಆಗಿ ಐದು ವರ್ಷ ತುಂಬಿರಬೇಕು, ಅರ್ಜಿಗೆ ಮುಂಚೆ ಒಂದು ವರ್ಷ ಇಲ್ಲೇ ವಾಸವಾಗಿರಬೇಕು. ಆಗ ಮತ್ತೆ ಭಾರತದ ಪೌರತ್ವ ಕೇಳಬಹುದು. ಅಮೆರಿಕದ್ದನ್ನು ಬಿಡಬೇಕಾಗುತ್ತದೆ. ನಾಲ್ಕು ಎಕರೆಗಾಗಿ ಅವನು ಅದಕ್ಕೆ ತಯಾರಿದ್ದಾನೋ ಅಂತ ಮೊದಲು ಅವನನ್ನೇ ಕೇಳಿ ನೋಡಿ.